ಸೌಟಿನ ಹಿಡಿಯ ಮೇಲೆ ಒಂದು ಹೂವು

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನನಗಿಂತ ಮುಂಚೆ ಮಾತಾಡಿದವರಲ್ಲಿ ಡಾಕ್ಟರು ಇದ್ದರು, ಇಂಜಿನಿಯರು ಇದ್ದರು. ಅವರು ಈ ಶಾಲೆಗೆ ಹೆಸರು ತಂದವರು. ನಾನು ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಎರಡು ಸಲ ಫೇಲಾಗಿ, ಮೂರನೆಯ ಸಲ ಪರೀಕ್ಷೆಗೆ ಕೂರದೆ ಮೈಸೂರಿಗೆ ಹೋದವನು. ನನ್ನ ಕೆಲಸ ಮರದ ಸೌಟು ಕೆತ್ತುವುದು, ಅದರ ಹಿಡಿಯ ಮೇಲೆ ಹೂವು, ಬಳ್ಳಿ, ತೆನೆ ಕೂರಿಸುವುದು. ನನ್ನನ್ನು ಮಾತಿಗೆ ಕರೆದಾಗ ‘ಸಾರ್, ನನಗೆ ಸೌಟು ಬಿಟ್ಟರೆ ಬೇರೇನೂ ಗೊತ್ತಿಲ್ಲ’ ಅಂದೆ. ‘ಸೌಟಿನ ಬಗ್ಗೆಯೇ ಮಾತಾಡಿ’ ಅಂದರು. ಹಾಗಾಗಿ ಸೌಟಿನ ಬಗ್ಗೆಯೇ ಮಾತಾಡುತ್ತೇನೆ. ಕೊನೆಯಲ್ಲಿ ಒಂದು ಹಳೆಯ ತಪ್ಪನ್ನೂ ಒಪ್ಪಿಕೊಳ್ಳುವುದಿದೆ.

ನಮ್ಮ ಅವ್ವನ ಹತ್ತಿರ ಒಂದು ಹಲಸಿನ ಮರದ ಸೌಟು ಇತ್ತು. ನಮ್ಮ ತಾತ ಬಾಚಿಯಲ್ಲಿ ಕೆತ್ತಿದ್ದು. ಅದರ ಹಿಡಿಯ ತುದಿಯಲ್ಲಿ ಮೂರು ಅಡ್ಡ ಗೆರೆ, ಒಂದು ಓರೆ ಗೆರೆ. ಅದು ಚಂದಕ್ಕೆ ಹಾಕಿದ್ದಲ್ಲ, ಗುರುತಿಗೆ ಹಾಕಿದ್ದು. ಮದುವೆಗೋ ತಿಥಿಗೋ ಹತ್ತು ಮನೆಯ ಸೌಟು, ಕೊಳಗ ಒಂದೇ ಒಲೆಯ ಹತ್ತಿರ ಸೇರುತ್ತಿದ್ದವು. ಕೆಲಸ ಮುಗಿದ ಮೇಲೆ ನಮ್ಮದು ಯಾವುದು ಅಂತ ತಿಳಿಯಬೇಕಲ್ಲ? ಸ್ಟೀಲಿನ ಪಾತ್ರೆಗೆ ಹೆಸರು ಕೊರೆಸುತ್ತೇವೆ. ಅವ್ವನಿಗೆ ಓದು ಬರುತ್ತಿರಲಿಲ್ಲ. ಆದರೆ ಹಿಡಿಯ ಮೇಲೆ ಹೆಬ್ಬೆರಳು ಆಡಿಸಿ, ಕತ್ತಲಲ್ಲೂ, ‘ಇದು ನಮ್ಮನೇದು’ ಅನ್ನುತ್ತಿದ್ದಳು. ಕೊರೆದ ಗೆರೆಗೆ ಆ ಗುಣ ಇದೆ. ಕಣ್ಣಿಗೆ ಕಾಣುವುದಕ್ಕಿಂತ ಮೊದಲು ಕೈಗೆ ಸಿಗುತ್ತದೆ.

ಇಂಥ ಗುರುತು ನಮ್ಮಲ್ಲಿ ಮಾತ್ರ ಇದೆ ಅಂದುಕೊಳ್ಳಬೇಡಿ. ಬ್ರಿಟನ್ನಿನ ವೇಲ್ಸ್ ಎಂಬ ನಾಡಿನಲ್ಲಿ ಹುಡುಗ ತಾನು ಮೆಚ್ಚಿದ ಹುಡುಗಿಗೆ ತಾನೇ ಮರದ ಚಮಚ ಕೆತ್ತಿ ಕೊಡುವ ಪದ್ಧತಿ ಇತ್ತು. ಹಿಡಿಯ ತುಂಬ ಹೃದಯ, ಬೀಗದ ಕೈ, ಸರಪಳಿ ಇಂಥ ಕೆತ್ತನೆ. 1667ನೇ ಇಸವಿ ಕೊರೆದಿರುವ ಒಂದು ಚಮಚ ಅಲ್ಲಿನ ಸೇಂಟ್ ಫಾಗನ್ಸ್ ವಸ್ತುಸಂಗ್ರಹಾಲಯದಲ್ಲಿದೆ. ನಮ್ಮ ಉತ್ತರ ಪ್ರದೇಶದ ಮೈನ್‌ಪುರಿಯಲ್ಲಿ ಶೀಶಮ್ ಮರದಲ್ಲಿ ಗೆರೆ ಕೊರೆದು, ಅದರೊಳಗೆ ಹಿತ್ತಾಳೆ ತಂತಿಯನ್ನು ಸುತ್ತಿಗೆಯಿಂದ ಕೂರಿಸುತ್ತಾರೆ. ಅದಕ್ಕೆ ತಾರ್‌ಕಶಿ ಅನ್ನುತ್ತಾರೆ. ಶೀಶಮ್ ಅಂದರೆ ನಮ್ಮ ಬೀಟೆಯ ಅಣ್ಣತಮ್ಮನ ಜಾತಿ.

ಈಗ ನಮ್ಮ ಶಾಲೆಗೆ ಬರುತ್ತೇನೆ. ಈ ಕಟ್ಟಡದ ಹಿಂದೆ ಹುಣಸೆ ಮರದ ಪಕ್ಕ ಒಂದು ಹೆಂಚಿನ ಕೋಣೆ ಇದೆ. ಈಗ ಅಲ್ಲಿ ಬಿಸಿಯೂಟದ ಅಕ್ಕಿ ಮೂಟೆ ಇಡುತ್ತಾರೆ. ನಮ್ಮ ಕಾಲದಲ್ಲಿ ಅದು ಕ್ರಾಫ್ಟ್ ರೂಮು. ನಮ್ಮ ಕ್ರಾಫ್ಟ್ ಮೇಷ್ಟ್ರು ಯಾರು ಅಂತ ನಿಮಗೆಲ್ಲ ಗೊತ್ತು. ಬಿಳಿ ಪಂಚೆ, ಕಿವಿಯ ಮೇಲೆ ಪೆನ್ಸಿಲು. ಅವರು ಈಗಿಲ್ಲ. ಗಣಿತದ ಪೀರಿಯಡ್ಡಿನಲ್ಲಿ ಬೆಂಚಿನ ಮೇಲೆ ನಿಲ್ಲುತ್ತಿದ್ದ ನಾನು ಆ ಕೋಣೆಯಲ್ಲಿ ಮಾತ್ರ ಕೂರುತ್ತಿದ್ದೆ. ಕೈಗೆ ಉಳಿ ಕೊಟ್ಟು ‘ಮೊದಲು ಮರದ ನಾರು ಯಾವ ಕಡೆ ಹೋಗಿದೆ ನೋಡು’ ಅನ್ನುತ್ತಿದ್ದರು. ನಾರಿನ ಜೊತೆ ಹೋದರೆ ಉಳಿ ಬೆಣ್ಣೆಯಲ್ಲಿ ಹೋದ ಹಾಗೆ ಹೋಗುತ್ತದೆ. ಎದುರು ಹೋದರೆ ಮರ ಸಿಗಿದು ಬರುತ್ತದೆ.

ಗೆರೆ ಕೊರೆಯುವುದು ಅಂದರೆ ಚಾಕುವಿನಿಂದ ಒಂದು ಗೀರು ಎಳೆಯುವುದಲ್ಲ ಅಂತ ಅವರು ಮೊದಲ ದಿನವೇ ತೋರಿಸಿದರು. ಬರೀ ಗೀರು ಹಾಕಿದರೆ, ನಾಲ್ಕು ಸಲ ನೀರು ಕುಡಿದು ಮರ ಉಬ್ಬಿದಾಗ ಅದು ಮುಚ್ಚಿಹೋಗುತ್ತದೆ. ಎಡಗಡೆಯಿಂದ ಒಂದು ಓರೆ, ಬಲಗಡೆಯಿಂದ ಒಂದು ಓರೆ. ಎರಡೂ ತಳದಲ್ಲಿ ಸೇರಿದಾಗ ನಡುವಿನ ಎಳೆ ನೂಲಿನ ಹಾಗೆ ಎದ್ದು ಬರಬೇಕು. ಎದ್ದು ಬರಲಿಲ್ಲ ಅಂದರೆ ತಳ ಸೇರಿಲ್ಲ ಅಂತ ಅರ್ಥ. ಆ ಒಂದು ಗೆರೆಗೇ ನನಗೆ ಒಂದು ತಿಂಗಳು ಹಿಡಿಯಿತು.

ಒಂಬತ್ತನೇ ತರಗತಿಯಲ್ಲಿ ನಮ್ಮನ್ನು ಮೈಸೂರಿಗೆ ಪ್ರವಾಸ ಕರೆದುಕೊಂಡು ಹೋದರು. ಅರಮನೆ ನೋಡಿದೆವು. ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋದ ಮೇಲೆ ಕಟ್ಟಿ, 1912ರಲ್ಲಿ ಮುಗಿಸಿದ ಅರಮನೆ ಅದು. ಬೇರೆ ಹುಡುಗರು ಸಿಂಹಾಸನ ಎಲ್ಲಿ, ಆನೆ ಎಲ್ಲಿ ಅಂತ ಓಡಿದರು. ಮೇಷ್ಟ್ರು ನನ್ನ ಭುಜ ಹಿಡಿದು ಅಂಬಾವಿಲಾಸದ ಬಾಗಿಲ ಮುಂದೆ ನಿಲ್ಲಿಸಿದರು. ಕಪ್ಪು ಬೀಟೆ ಮರ, ಅದರೊಳಗೆ ಬಿಳಿ ದಂತ. ಅಂಟಿಸಿದ ಹಾಗಿಲ್ಲ, ಮರದೊಳಗಿಂದಲೇ ಅರಳಿದ ಹಾಗಿದೆ. ‘ಮರ ತೋಡಿ ಇನ್ನೊಂದನ್ನು ಕೂರಿಸಿದ್ದಾರೆ ಕಣಯ್ಯ. ಸಂದು ಕಾಣುತ್ತಾ ನೋಡು’ ಅಂದರು. ನಾನು ಮೂಗು ತಾಗುವಷ್ಟು ಹತ್ತಿರ ಹೋದೆ. ಕಾವಲಿನವರು ಗದರಿದರು. ಸಂದು ಕಾಣಲಿಲ್ಲ.

ಇವತ್ತು ದಂತದ ಕೆಲಸ ಇಲ್ಲ, ಇರಲೂಬಾರದು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. 1986ರ ತಿದ್ದುಪಡಿ ನಮ್ಮ ದೇಶದ ಆನೆ ದಂತದ ವ್ಯಾಪಾರವನ್ನು ನಿಲ್ಲಿಸಿತು, 1991ರ ತಿದ್ದುಪಡಿ ಆಫ್ರಿಕಾದಿಂದ ಬರುತ್ತಿದ್ದ ದಂತವನ್ನೂ ನಿಲ್ಲಿಸಿತು. ಆನೆ ಉಳಿಯಲಿ. ಬಿಳಿ ಬಣ್ಣಕ್ಕೆ ನಮಗೆ ಆಲೆ ಮರ ಇದೆ, ಕೆಲವರು ಹಾಲೆ ಅನ್ನುತ್ತಾರೆ. ಚನ್ನಪಟ್ಟಣದ ಗೊಂಬೆ ಮಾಡುವುದು ಅದೇ ಮರದಲ್ಲಿ. ಹಳದಿಗೆ ಹಲಸು, ಕಂದಿಗೆ ತೇಗ, ಸ್ವಲ್ಪ ಹಸಿರು ಛಾಯೆ ಬೇಕಾದರೆ ಸಂಪಿಗೆ. ಬಣ್ಣ ಹಚ್ಚುವುದಿಲ್ಲ. ಮರ ಹುಟ್ಟಿದ ಬಣ್ಣವೇ ಬಣ್ಣ.

ಪ್ರವಾಸದಿಂದ ಬಂದ ಮೇಲೆ ಶಾಲೆಯ ವಾರ್ಷಿಕೋತ್ಸವಕ್ಕೆ ವಸ್ತುಪ್ರದರ್ಶನ ಇತ್ತು. ಅದರ ವಿಷಯ ಕೊನೆಗೆ ಹೇಳುತ್ತೇನೆ.

ಶಾಲೆ ಬಿಟ್ಟ ಮೇಲೆ ಮೊದಲು ಮನೆಯಲ್ಲೇ ಕೂತು ಒಂದು ಸೌಟು ಮಾಡಿದೆ. ಬೀಟೆಯ ಸೌಟು, ಅದರ ಬಟ್ಟಲಿನ ಒಳಗಡೆ ಆಲೆ ಮರದ ಐದು ಎಸಳಿನ ಹೂವು. ಕೂರಿಸಿದ್ದು ಬಿಳಿ ಅಂಟಿನಲ್ಲಿ. ನೋಡುವುದಕ್ಕೆ ಬಹಳ ಚೆನ್ನಾಗಿತ್ತು. ಅವ್ವನಿಗೆ ಕೊಟ್ಟೆ. ಅವಳು ಅದನ್ನು ಗೋಡೆಗೆ ತೂಗುಹಾಕುತ್ತಾಳೆ ಅಂದುಕೊಂಡಿದ್ದೆ. ಅವಳು ಸೌಟನ್ನು ಸೌಟು ಅಂತಲೇ ತಿಳಿದುಕೊಂಡಳು. ಕುದಿಯುವ ಹುರುಳಿ ಸಾರಿಗೆ ಇಳಿಸಿದಳು. ಮೂರನೆಯ ದಿನ ಅಪ್ಪನ ತಟ್ಟೆಯಲ್ಲಿ ಮುದ್ದೆಯ ಪಕ್ಕ ಬಿಳಿ ಎಸಳು ಒಂದು ಬಿತ್ತು. ಅಪ್ಪ ಹಲ್ಲು ಅಂದುಕೊಂಡು ಬಾಯಿ ಮುಟ್ಟಿ ನೋಡಿಕೊಂಡರು. ಅವ್ವ ನನ್ನ ಕಡೆ ತಿರುಗಿ, ‘ಹೂವ ಇಟ್ಟಿದ್ದು ನೋಡಾಕಾ, ತಿನ್ನಾಕಾ ಮಗ?’ ಅಂದಳು. ಆಮೇಲೆ ತಾತನ ಹಳೆಯ ಸೌಟೇ ಮತ್ತೆ ಒಲೆಯ ಹತ್ತಿರ ಬಂತು.

ಆ ದಿನ ಕಲಿತ ನಿಯಮವನ್ನು ಇವತ್ತಿನವರೆಗೂ ಬಿಟ್ಟಿಲ್ಲ. ಸಾರು ಮುಟ್ಟುವ ಕಡೆ ಕೆತ್ತನೆ ಬೇಡ, ಕೂರಿಸುವುದೂ ಬೇಡ. ಬಟ್ಟಲಿನಿಂದ ಮೇಲಕ್ಕೆ ನಾಲ್ಕು ಬೆರಳು ಬಿಟ್ಟು, ಅಲ್ಲಿಂದ ಅಲಂಕಾರ ಶುರು. ಬಟ್ಟಲಿನಲ್ಲಿ ಗೆರೆ ಇದ್ದರೆ ಅದರೊಳಗೆ ಅನ್ನ ಕೂತು ಹಳಸುತ್ತದೆ. ಹಿಡಿಯ ಮೇಲಿನ ಕೆತ್ತನೆಯೂ ಬಹಳ ಆಳ ಇರಬಾರದು, ಅಂಗೈಗೆ ಚುಚ್ಚಬಾರದು. ಕೈ ಜಾರದ ಹಾಗೆ ಹಿಡಿತ ಕೊಡಬೇಕು. ಮೊದಲು ಅದು ಒಳ್ಳೆಯ ಸೌಟಾಗಿರಬೇಕು, ಹೂವು ಆಮೇಲೆ.

ಅಲ್ಲಿಂದ ಮೈಸೂರಿನ ಮಂಡಿ ಮೊಹಲ್ಲಾ. ಬೀಟೆ ಮರದ ಕೆತ್ತು ಕೂರಿಸುವ ಕೆಲಸಕ್ಕೆ ಹೆಸರಾದ ಜಾಗ. ಒಬ್ಬ ಉಸ್ತಾದರ ಹತ್ತಿರ ಹನ್ನೊಂದು ವರ್ಷ ಇದ್ದೆ. ದಸರಾ ಮೆರವಣಿಗೆ, ಆನೆ, ಹಳ್ಳಿಯ ದಾರಿ, ಬೆಳದಿಂಗಳು ಎಲ್ಲವನ್ನೂ ಹಲಗೆಯ ಮೇಲೆ ಮರದ ಚೂರಿನಲ್ಲೇ ಬಿಡಿಸುತ್ತಿದ್ದೆವು. ಮೈಸೂರಿನ ಈ ಕಲೆಗೆ ಭೌಗೋಳಿಕ ಸೂಚಿ ಮಾನ್ಯತೆಯೂ ಸಿಕ್ಕಿದೆ.

ಕೆಲಸದ ಕ್ರಮ ಮಕ್ಕಳಿಗೆ ತಿಳಿಯಲಿ ಅಂತ ಹೇಳುತ್ತೇನೆ. ಮೊದಲು ಕಾಗದದ ಮೇಲೆ ಚಿತ್ರ. ಅದನ್ನು ಎಸಳು ಎಸಳಾಗಿ ಕತ್ತರಿಸಿ, ಬೇಕಾದ ಬಣ್ಣದ ತೆಳು ಮರಕ್ಕೆ ಅಂಟಿಸಬೇಕು. ಕೂದಲಿನಷ್ಟು ಸಣ್ಣ ಬ್ಲೇಡಿನ ಬಿಲ್ಲುಗರಗಸದಲ್ಲಿ ಕುಯ್ಯಬೇಕು. ಕುಯ್ದ ಎಸಳನ್ನು ಸೌಟಿನ ಹಿಡಿಯ ಮೇಲಿಟ್ಟು, ಸೂಜಿ ಮೊನೆಯಿಂದ ಸುತ್ತ ಗುರುತು ಮಾಡಬೇಕು. ಮೊದಲು ಮರ ತೋಡಿ, ಆ ಗುಂಡಿಗೆ ತಕ್ಕ ಹಾಗೆ ಎಸಳು ಕತ್ತರಿಸುತ್ತೇನೆ ಅಂದರೆ ಆಗುವುದಿಲ್ಲ. ಎಸಳು ಮೊದಲು, ಗುಂಡಿ ಆಮೇಲೆ. ಗುರುತಿನ ಗೆರೆಯ ಒಳಗಡೆಯೇ ಉಳಿ ನಿಲ್ಲಿಸಿ, ಎರಡು ಮೂರು ಮಿಲಿಮೀಟರ್ ತೋಡಬೇಕು, ತಳ ಮಟ್ಟಸ ಇರಬೇಕು. ಎಸಳು ಬೆರಳಿನ ಒತ್ತಿಗೆ ಇಳಿಯಬಾರದು, ಕೊಡತಿಯ ಸಣ್ಣ ಏಟಿಗೆ ಇಳಿಯಬೇಕು. ಎಸಳಿನ ನಾರು ಮತ್ತು ಹಿಡಿಯ ನಾರು ಒಂದೇ ದಿಕ್ಕಿಗೆ ಇರಬೇಕು. ಮರ ನೀರು ಕುಡಿದಾಗ ಉದ್ದಕ್ಕೆ ಬೆಳೆಯುವುದಿಲ್ಲ, ಅಗಲಕ್ಕೆ ಬೆಳೆಯುತ್ತದೆ. ಎರಡೂ ಒಂದೇ ಕಡೆ ಉಬ್ಬಿದರೆ ಜೊತೆಯಲ್ಲಿ ಬಾಳುತ್ತವೆ. ಒಂದು ಉದ್ದ, ಒಂದು ಅಡ್ಡ ಆದರೆ ಒಂದು ಮಳೆಗಾಲದಲ್ಲಿ ಜಗಳ ಆಡಿ ಬೇರೆಯಾಗುತ್ತವೆ.

ಹಿಂದೆ ಬಡಗಿಗಳು ಮರವಜ್ರ ಕಾಯಿಸಿ ಅಂಟಿಸುತ್ತಿದ್ದರು. ಅದೂ ಬಿಸಿಗೆ, ನೀರಿಗೆ ಬಿಡುತ್ತದೆ. ಸೌಟಿಗೆ ನೀರು ತಡೆಯುವ ಅಂಟೇ ಬೇಕು. ಸಂದು ಸ್ವಲ್ಪ ಉಳಿದಿದ್ದರೆ ಅದೇ ಮರದ ಪುಡಿಯನ್ನು ಅಂಟಿನಲ್ಲಿ ಕಲಸಿ ತುಂಬುತ್ತೇವೆ. ಒಣಗಿದ ಮೇಲೆ ಅರ ಹಾಕಿ ಸಮ ಮಾಡಬೇಕು. ಇಲ್ಲಿ ಒಂದು ಅಪಾಯ ಇದೆ. ಬೀಟೆಯ ಪುಡಿ ಎಣ್ಣೆಯ ಪುಡಿ, ಕಪ್ಪು ಪುಡಿ. ಉಪ್ಪುಕಾಗದ ಹಾಕಿ ಜೋರಾಗಿ ಉಜ್ಜಿದರೆ ಆ ಕಪ್ಪು, ಪಕ್ಕದ ಬಿಳಿ ಮರದ ನಾರಿಗೆ ಇಳಿದು ಹೂವು ಕೊಳಕಾಗುತ್ತದೆ. ಅದಕ್ಕೆ ಉಸ್ತಾದರು ಚೂಪಾದ ತೆಳು ಉಕ್ಕಿನ ತಗಡಿನಿಂದ ಹೆರೆಸುತ್ತಿದ್ದರು. ಎರಡು ಸಲ ಹೆರೆದು, ಒಂದು ಸಲ ಪುಡಿ ಊದಬೇಕು. ಬೀಟೆಯ ಪುಡಿ ಮೂಗಿಗೂ ಒಳ್ಳೆಯದಲ್ಲ. ಬಾಯಿ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಲೇಬೇಕು. ನಾವು ಆ ಕಾಲದಲ್ಲಿ ಕಟ್ಟಿಕೊಳ್ಳಲಿಲ್ಲ. ನನ್ನ ಕೆಮ್ಮು ಈಗಲೂ ಹೋಗಿಲ್ಲ.

ಕೊನೆಗೆ ಎಣ್ಣೆ. ಮಂಚಕ್ಕೆ, ಕುರ್ಚಿಗೆ ಹಾಕುವ ಅರಗಿನ ಪಾಲಿಶ್ ಸೌಟಿಗೆ ಆಗದು. ಬಿಸಿ ನೀರು ತಾಗಿದರೆ ಬೆಳ್ಳಗೆ ಕಲೆ ಬೀಳುತ್ತದೆ. ಗಾಣದ ಹಸಿ ಅಗಸೆ ಎಣ್ಣೆ ಹಚ್ಚಿ, ಒರೆಸಿ, ವಾರಗಟ್ಟಲೆ ಗಾಳಿಗೆ ಇಡಬೇಕು. ಅದು ಒಣಗಿ ಗಟ್ಟಿಯಾಗುತ್ತದೆ. ಅದರ ಮೇಲೆ ಸ್ವಲ್ಪ ಜೇನುಮೇಣ. ಅಡುಗೆ ಎಣ್ಣೆ ಹಚ್ಚಿದರೆ ಸ್ವಲ್ಪ ದಿನಕ್ಕೆ ಕಮಟು ವಾಸನೆ ಬರಬಹುದು. ಮನೆಯಲ್ಲಿ ಮರದ ಸೌಟು ಇಟ್ಟುಕೊಂಡವರಿಗೆ ಒಂದು ಮಾತು. ರಾತ್ರಿಯೆಲ್ಲ ನೀರಿನಲ್ಲಿ ನೆನೆಹಾಕಬೇಡಿ. ತೊಳೆದ ತಕ್ಷಣ ಒರೆಸಿ, ನೆರಳಿನಲ್ಲಿ ಒಣಗಿಸಿ.

ಹತ್ತು ವರ್ಷದ ಹಿಂದೆ ಊರಿಗೆ ವಾಪಸ್ ಬಂದು ನನ್ನದೇ ಸಣ್ಣ ಚಪ್ಪರ ಹಾಕಿಕೊಂಡೆ. ಬೀಟೆ ಮರ ಕಡಿಸುವುದಿಲ್ಲ. ಅದು ನಮ್ಮ ಜಮೀನಿನಲ್ಲೇ ಬೆಳೆದಿದ್ದರೂ ಅರಣ್ಯ ಇಲಾಖೆಯ ಅನುಮತಿ ಬೇಕು. 2017ರಿಂದ ಹೊರದೇಶಕ್ಕೆ ಕಳಿಸುವುದಕ್ಕೂ ನಿಯಂತ್ರಣ ಇದೆ. ನನಗೆ ಬೇಕಾದದ್ದು ಗೇಣುದ್ದದ ತುಂಡು. ಮುರಿದ ಮಂಚದ ಕಾಲು, ಹಳೆಯ ಬಾಗಿಲ ದಾರಂದದ ಚೂರು, ಪೀಠೋಪಕರಣದ ಅಂಗಡಿಯಲ್ಲಿ ಉಳಿದ ತುಂಡು, ಇಷ್ಟು ಸಾಕು.

ಪೇಟೆಯ ಒಂದು ಅಂಗಡಿಯವರು ನನ್ನ ಸೌಟುಗಳನ್ನು ಎರಡು ವರ್ಷ ತೆಗೆದುಕೊಂಡರು. ಆಮೇಲೆ ಒಂದು ದಿನ, ‘ನೀವು ಬರೀ ಸೌಟು ಕೊಡಿ, ಹೂವನ್ನು ನಾವು ಮಿಷಿನಿನಲ್ಲಿ ಸುಟ್ಟು ಬಣ್ಣ ತುಂಬುತ್ತೇವೆ, ಗಿರಾಕಿಗೆ ಏನು ಗೊತ್ತಾಗುತ್ತದೆ?’ ಅಂದರು. ಲೆಕ್ಕ ಹಾಕಿದರೆ ಅವರ ಮಾತಿನಲ್ಲಿ ತಪ್ಪಿಲ್ಲ. ಒಂದು ಹೂವು ಕೂರಿಸಲು ನನಗೆ ಒಂದೂವರೆ ದಿನ ಬೇಕು. ಮಿಷಿನ್ನಿಗೆ ಒಂದೂವರೆ ನಿಮಿಷ ಸಾಕು. ನನಗೆ ಆಗ ಹಣದ ಅಡಚಣೆಯೂ ಇತ್ತು, ಮಗಳ ಕಾಲೇಜು ಫೀಸು ಕಟ್ಟಬೇಕಿತ್ತು. ಆದರೂ ಒಪ್ಪಲಿಲ್ಲ. ಯಾಕೆ ಒಪ್ಪಲಿಲ್ಲ ಅಂದರೆ ಅದಕ್ಕೆ ಕಾರಣ ಈ ಶಾಲೆ. ಈಗ ಆ ಪ್ರದರ್ಶನದ ವಿಷಯಕ್ಕೆ ಬರುತ್ತೇನೆ.

ಒಂಬತ್ತನೇ ತರಗತಿಯ ವಸ್ತುಪ್ರದರ್ಶನಕ್ಕೆ ಮೇಷ್ಟ್ರು ನನಗೆ ಬೀಟೆಯ ಒಂದು ತುಂಡು ಕೊಟ್ಟಿದ್ದರು. ಸೌಟು ಮಾಡಿ, ಹಿಡಿಗೆ ಆಲೆ ಮರದ ಹೂವು ಕೂರಿಸು ಅಂದಿದ್ದರು. ಸೌಟು ಆಯಿತು. ಹೂವು ಆಗಲಿಲ್ಲ. ಎಸಳು ಕುಯ್ದಷ್ಟೂ ಮುರಿಯಿತು. ಪ್ರದರ್ಶನದ ಹಿಂದಿನ ರಾತ್ರಿ ಹಿಡಿಯ ಮೇಲೆ ತೆಳ್ಳಗೆ ಹೂವಿನ ಆಕಾರ ಕೆರೆದು, ಸೈಕಲ್ ಶಾಪಿನಿಂದ ತಂದ ಬಿಳಿ ಪೇಂಟನ್ನು ಬೆಂಕಿಕಡ್ಡಿಯಲ್ಲಿ ತುಂಬಿದೆ. ಮೇಲೆ ಎಣ್ಣೆ ಸವರಿದೆ. ಬೇರೆ ಊರಿನಿಂದ ಬಂದ ತೀರ್ಪುಗಾರರು ಕೈಯಲ್ಲಿ ಎತ್ತಿಕೊಂಡು, ‘ಅರಮನೆ ಕೆಲಸದ ಹಾಗಿದೆ’ ಅಂದರು. ಮೊದಲ ಬಹುಮಾನ ಕೊಟ್ಟರು. ಶಾಲೆಯ ಹೆಸರು ಕೊರೆದ ಒಂದು ಸ್ಟೀಲ್ ಲೋಟ. ಎರಡನೆಯ ಬಹುಮಾನ ಬಂದದ್ದು ನಮ್ಮ ತರಗತಿಯ ಒಬ್ಬ ಹುಡುಗಿಗೆ. ಅವಳು ಈಚಲು ಗರಿಯಲ್ಲಿ, ಎರಡು ಬಣ್ಣದ ಚಾಪೆ ಹೆಣೆದಿದ್ದಳು. ತಾನೇ ಗರಿ ಕೊಯ್ದು, ಒಣಗಿಸಿ, ಸೀಳಿ ಹೆಣೆದದ್ದು.

ಸೋಮವಾರ ಕ್ರಾಫ್ಟ್ ಪೀರಿಯಡ್ಡು ಮುಗಿದ ಮೇಲೆ ಮೇಷ್ಟ್ರು ನನ್ನೊಬ್ಬನನ್ನು ನಿಲ್ಲಿಸಿಕೊಂಡರು. ಸೌಟು ಮೇಜಿನ ಮೇಲಿಟ್ಟರು. ಹೆಬ್ಬೆರಳಿನ ಉಗುರಿನಿಂದ ಹೂವಿನ ಒಂದು ಎಸಳನ್ನು ಕೆರೆದರು. ಬಿಳಿ ಪದರ ಎದ್ದು ಬಂತು. ಹೊಡೆಯುತ್ತಾರೆ ಅಂದುಕೊಂಡು ಕಣ್ಣು ಮುಚ್ಚಿದೆ. ಅವರು ಹೊಡೆಯಲಿಲ್ಲ. ‘ತೀರ್ಪುಗಾರರು ಕಣ್ಣಿಂದ ನೋಡಿದರು ಕಣಯ್ಯ. ನಾನು ಉಗುರಿಂದ ನೋಡಿದೆ. ನಿಮ್ಮವ್ವ ಬಿಸಿ ಸಾರಿನಲ್ಲಿ ನೋಡ್ತಾಳೆ’ ಅಂದರು. ಆಮೇಲೆ ಬೀಟೆಯ ಇನ್ನೊಂದು ಚೂರು ಕೊಟ್ಟು, ‘ಹೂವು ಬಿಡು. ಬೈರಿಗೆಯಲ್ಲಿ ಒಂದು ತೂತು ಮಾಡಿ, ಒಂದು ಚುಕ್ಕಿ ಕೂರಿಸಿಕೊಂಡು ಬಾ’ ಅಂದರು. ಆ ವಿಷಯ ಯಾರಿಗೂ ಹೇಳಲಿಲ್ಲ, ಮುಖ್ಯೋಪಾಧ್ಯಾಯರಿಗೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಲೋಟದಲ್ಲಿ ನೀರು ಕುಡಿಯುವುದಕ್ಕೂ ಆಗದೆ ಅಟ್ಟದ ಮೇಲೆ ಇಟ್ಟಿದ್ದೆ.

ಆ ಚುಕ್ಕಿಯೇ ನನ್ನ ಅಕ್ಷರಾಭ್ಯಾಸ. ಎರಡು ಮಿಲಿಮೀಟರ್ ಅಗಲ, ನಾಲ್ಕು ಮಿಲಿಮೀಟರ್ ಆಳ, ಅದಕ್ಕೆ ಆಲೆ ಮರದ ಒಂದು ಕಡ್ಡಿ. ತುದಿ ಸ್ವಲ್ಪ ಸಣ್ಣ, ಬುಡ ಸ್ವಲ್ಪ ದಪ್ಪ. ಅಂಟು ಹಚ್ಚಿ ಬಡಿದು, ಮಾರನೆಯ ದಿನ ಮೇಲೆ ಉಳಿದದ್ದನ್ನು ಕುಯ್ಯಬೇಕು. ಹನ್ನೆರಡು ಚುಕ್ಕಿ ಹಾಳಾದ ಮೇಲೆ ಹದಿಮೂರನೆಯದು ಕೂತಿತು. ಚುಕ್ಕಿಗಳನ್ನು ಸಾಲಾಗಿ, ಬೆರಳಿನ ಹಾಗೆ ಬಾಗಿಸಿ ಕೂರಿಸಿದರೆ ರಾಗಿ ತೆನೆ ಆಗುತ್ತದೆ ಅಂತ ಆಮೇಲೆ ಗೊತ್ತಾಯಿತು. ಇವತ್ತಿಗೂ ನನ್ನ ಸೌಟುಗಳಲ್ಲಿ ಹೆಚ್ಚು ಮಂದಿ ಕೇಳುವುದು ರಾಗಿ ತೆನೆಯನ್ನೇ.

ಆ ಚಾಪೆ ಹೆಣೆದ ನನ್ನ ಸಹಪಾಠಿ ಇವತ್ತು ಮೂರನೆಯ ಸಾಲಿನಲ್ಲಿ ಮೊಮ್ಮಗಳ ಜೊತೆ ಕೂತಿದ್ದಾರೆ. ಅಕ್ಕಾ, ಈ ಲೋಟ ನಿಮ್ಮದು. ಇಷ್ಟು ವರ್ಷ ನನ್ನ ಮನೆಯಲ್ಲಿ ಇತ್ತು. ದಯವಿಟ್ಟು ತಗೊಳ್ಳಿ. ಮೇಷ್ಟ್ರು ಇದ್ದಿದ್ದರೆ ಅವರ ಎದುರಿಗೇ ಕೊಡುತ್ತಿದ್ದೆ. ಅಷ್ಟು ಧೈರ್ಯ ಬರುವುದಕ್ಕೆ ನನಗೆ ತಡವಾಯಿತು.

ಇನ್ನು ಎರಡು ಮಾತು ಹೇಳಿ ಮುಗಿಸುತ್ತೇನೆ. ಬಿಸಿಯೂಟದ ಅಡುಗೆ ಅಕ್ಕಂದಿರಿಗೆ ಅಂತ ಮೂರು ಅಡಿ ಉದ್ದದ ಹಲಸಿನ ಸೌಟು ಮಾಡಿ ತಂದಿದ್ದೇನೆ. ಅದರ ಹಿಡಿಯ ತುದಿಯಲ್ಲಿ ಬೀಟೆಯ ಐವತ್ತು ಚುಕ್ಕಿ ಇದೆ, ವರ್ಷಕ್ಕೆ ಒಂದು. ಮಕ್ಕಳು ಬೇಕಾದರೆ ಎಣಿಸಿ ನೋಡಲಿ, ಉಗುರಿನಿಂದ ಕೆರೆದೂ ನೋಡಲಿ. ಅಕ್ಕಂದಿರೇ, ಅದನ್ನು ಗಾಜಿನ ಬೀರುವಿನಲ್ಲಿ ಇಡಬೇಡಿ, ಸಾರಿಗೆ ಇಳಿಸಿ.

ಎರಡನೆಯದು, ಆ ಹೆಂಚಿನ ಕೋಣೆ. ಬೀರುವಿನಲ್ಲಿ ಮೇಷ್ಟ್ರ ಕಾಲದ ಉಳಿಗಳು ಇನ್ನೂ ಇವೆ. ತುಕ್ಕು ಹಿಡಿದಿವೆ, ಆದರೆ ಉಕ್ಕು ಗಟ್ಟಿಯಾಗಿದೆ. ಹೋದ ವಾರ ಏಳು ಉಳಿ ಸಾಣೆ ಹಿಡಿದೆ. ಶನಿವಾರ ಮಧ್ಯಾಹ್ನ ಎಂಟನೇ ಮತ್ತು ಒಂಬತ್ತನೇ ತರಗತಿಯ ಮಕ್ಕಳಿಗೆ ಒಂದು ಗಂಟೆ ಕಲಿಸಲು ನಾನು ತಯಾರಿದ್ದೇನೆ, ಸಂಬಳ ಬೇಡ. ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಅಕ್ಕಿ ಮೂಟೆಗೆ ಬೇರೆ ಜಾಗ ಆಗಬೇಕು. ಅದನ್ನು ಊರಿನವರು ಮಾಡಿಕೊಡಬೇಕು. ಗಣಿತದ ಮೇಷ್ಟ್ರು ಬೇಜಾರು ಮಾಡಿಕೊಳ್ಳಬಾರದು. ಐದು ಎಸಳಿನ ಹೂವು ಬರೆಯಲು 360ನ್ನು ಐದರಿಂದ ಭಾಗಿಸಬೇಕು, ಕೈವಾರ ಹಿಡಿದು 72 ಡಿಗ್ರಿ ಗುರುತು ಹಾಕಬೇಕು. ಗಣಿತದಲ್ಲಿ ಎರಡು ಸಲ ಫೇಲಾದ ನಾನು ದಿನಾ ಮಾಡುವ ಲೆಕ್ಕ ಅದು. ನನ್ನಂಥ ಹುಡುಗ ಈಗಲೂ ಯಾವುದೋ ಬೆಂಚಿನ ಮೇಲೆ ನಿಂತಿರಬಹುದು. ಅವನಿಗೆ ವಾರಕ್ಕೆ ಒಂದು ಗಂಟೆ ಕೂರುವುದಕ್ಕೆ ಜಾಗ ಬೇಕು.